ಮನೆಯವರ ಕೊರಳಿಗೊಂದು ತಂತಿ ಸುತ್ತಿದ ಹರಳಿನ ಪದಕ

ತಾಮ್ರದ ತಂತಿ, ನುಣುಪಾದ ಒಂದು ಹರಳು, ಎರಡು ಮೂರು ಇಕ್ಕಳ. ಇಷ್ಟು ಇದ್ದರೆ ಅಮ್ಮನಿಗೋ ಅಕ್ಕನಿಗೋ ಅಜ್ಜಿಗೋ ಒಂದು ಪದಕ ಮಾಡಿಕೊಡಬಹುದು. ಬೆಸುಗೆ ಬೇಡ, ಬೆಂಕಿ ಬೇಡ, ಅಂಟೂ ಬೇಡ. ತಂತಿಯೇ ಹರಳನ್ನು ಸುತ್ತಿ ಹಿಡಿದುಕೊಳ್ಳುತ್ತದೆ.

ಈ ಕೆಲಸ ತುಂಬಾ ಹಳೆಯದು. ಇರಾಕಿನ ಉರ್ ಎಂಬಲ್ಲಿ 1922ರಿಂದ 1934ರವರೆಗೆ ಲಿಯೊನಾರ್ಡ್ ವೂಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ, ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯ ಒಡವೆಗಳಲ್ಲೂ ಸುರುಳಿ ಸುತ್ತಿದ ಚಿನ್ನದ ತಂತಿ ಇದೆ. ನಮ್ಮ ಕಾಲಕ್ಕೆ ಹತ್ತಿರದವರು ಬೇಕೆಂದರೆ ಅಲೆಕ್ಸಾಂಡರ್ ಕಾಲ್ಡರ್ (1898–1976) ಇದ್ದಾರೆ. ಗಾಳಿಗೆ ತೂಗುವ ಮೊಬೈಲ್ ಶಿಲ್ಪಗಳಿಂದ ಹೆಸರಾದ ಈ ಅಮೆರಿಕದ ಕಲಾವಿದ ಸುಮಾರು 1,800 ಒಡವೆಗಳನ್ನೂ ಮಾಡಿದರು. ತಂತಿಯನ್ನು ಬಗ್ಗಿಸಿ, ಬಡಿದು, ಸುತ್ತಿ ಮಾಡಿದವೇ ಜಾಸ್ತಿ. ಅವುಗಳಲ್ಲಿ ಎಷ್ಟೋ ಒಡವೆಗಳು ಹೆಂಡತಿಗೆ, ಮನೆಯವರಿಗೆ, ಸ್ನೇಹಿತರಿಗೆ ಕೊಟ್ಟ ಉಡುಗೊರೆಗಳು.

ಈ ಲೇಖನದಲ್ಲಿ ಒಂದೇ ಒಂದು ವಿನ್ಯಾಸ ಹೇಳಿಕೊಡುತ್ತೇನೆ. ಮೊಟ್ಟೆಯಾಕಾರದ ಹರಳು, ಸುತ್ತ ಮೂರು ಎಳೆ ತಂತಿ, ನಾಲ್ಕು ಕಡೆ ಹಿಡಿತ, ಮೇಲೆ ಸರ ತೂರಿಸಲು ಕುಣಿಕೆ. ಇದೊಂದು ಕೈಗೆ ಬಂದರೆ ಮಿಕ್ಕ ಅಲಂಕಾರವೆಲ್ಲ ಇದರ ಮೇಲೇ ಬೆಳೆಯುತ್ತದೆ.

ಹರಳಿಗಿಂತ ಮೊದಲು ಹಾಕಿಕೊಳ್ಳುವವರು

ಹರಳು ಹುಡುಕಲು ಆಮೇಲೆ ಹೊರಡಿ. ಮೊದಲು, ಇದನ್ನು ಹಾಕಿಕೊಳ್ಳುವವರ ದಿನ ಹೇಗೆ ಕಳೆಯುತ್ತದೆ ಅಂತ ಸ್ವಲ್ಪ ಗಮನಿಸಿ. ಕೈಯಾರೆ ಮಾಡಿದ ಎಷ್ಟೋ ಒಡವೆಗಳು ಡಬ್ಬಿಯೊಳಗೇ ಉಳಿದುಬಿಡುತ್ತವೆ. ಅವು ಚೆನ್ನಾಗಿಲ್ಲ ಅಂತಲ್ಲ. ಒಂದು ಭಾರ ಜಾಸ್ತಿ ಇರುತ್ತದೆ, ಇನ್ನೊಂದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಮತ್ತೊಂದರ ಕೊಕ್ಕೆ ತೆಗೆಯಲು ಬರುವುದೇ ಇಲ್ಲ.

ಅಜ್ಜಿಗೆ ಬೆರಳ ಗಂಟು ನೋವು ಇದೆ ಅಂದುಕೊಳ್ಳಿ. ಕತ್ತಿನ ಹಿಂದೆ ಕೈ ಹಾಕಿ ಪುಟ್ಟ ಕೊಕ್ಕೆ ತೆರೆಯುವುದು ಅವರಿಗೆ ದೊಡ್ಡ ಕೆಲಸ. 70 ಸೆಂ.ಮೀ. ಉದ್ದದ ಸರ ಕೊಟ್ಟರೆ ತಲೆಯ ಮೇಲಿಂದಲೇ ಹಾಕಿಕೊಂಡು ತಲೆಯ ಮೇಲಿಂದಲೇ ತೆಗೆಯಬಹುದು. ಎಳೆಮಗು ಎತ್ತಿಕೊಂಡು ಓಡಾಡುವ ಅಕ್ಕನಿಗೆ ಇದು ಆಗದು. ಮಗು ಹಿಡಿದು ಎಳೆಯುತ್ತದೆ, ಬಾಯಿಗೆ ಹಾಕುತ್ತದೆ. ಅವಳಿಗೆ ಕತ್ತಿನ ಬುಡದಲ್ಲೇ ನಿಲ್ಲುವ 40–45 ಸೆಂ.ಮೀ. ಸರ, ಸುರುಳಿ ಅಲಂಕಾರ ಇಲ್ಲದ ಸರಳ ಪದಕ. ಅದನ್ನೂ ಮಗು ಕೈಯಲ್ಲಿಲ್ಲದಾಗ ಮಾತ್ರ ಹಾಕಿಕೊಳ್ಳಲಿ. ಇನ್ನು ಸಣ್ಣ ಮಕ್ಕಳಿಗೇ ಇಂಥ ಉಡುಗೊರೆ ಬೇಡವೇ ಬೇಡ. ಹರಳು ಕಳಚಿದರೆ ಗಂಟಲಿಗೆ ಹೋಗುವಷ್ಟು ಚಿಕ್ಕದು ಅದು.

ಅಪ್ಪ ಪದಕ ಹಾಕುವುದಿಲ್ಲ ಅಲ್ವಾ? ಅದೇ ಹರಳನ್ನು ಅದೇ ರೀತಿ ಸುತ್ತಿ ಬೀಗದ ಕೈಗೊಂಚಲಿಗೆ ಸೇರಿಸಿ. ಆದರೆ ಅಲ್ಲಿ ಹರಳು ದಿನವಿಡೀ ಲೋಹಕ್ಕೆ ಉಜ್ಜುತ್ತದೆ. ಗಟ್ಟಿ ಹರಳೇ ಬೇಕು.

ಅವರ ಬಟ್ಟೆಗಳನ್ನೊಮ್ಮೆ ನೆನಪಿಸಿಕೊಳ್ಳಿ. ಯಾವ ಬಣ್ಣ ಮತ್ತೆ ಮತ್ತೆ ಬರುತ್ತದೆ? ಈಗ ಹಾಕಿರುವ ಒಡವೆ ಹಳದಿ ಲೋಹದ್ದೋ ಬಿಳಿಯದೋ? ನಿಮ್ಮ ತಂತಿಯೂ ಅದಕ್ಕೆ ಹೊಂದಲಿ. ತಿಂಗಳಿಗೊಂದು ಜನ್ಮರತ್ನ ಅಂತ ಒಂದು ಪಟ್ಟಿ ಓಡಾಡುತ್ತಿರುತ್ತದೆ. ಅದರ ಇಂದಿನ ರೂಪಕ್ಕೆ ಬುನಾದಿಯಾದ ಪಟ್ಟಿ 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಗೊತ್ತು ಮಾಡಿದ್ದು. ಹಾಕಿಕೊಳ್ಳುವವರಿಗೆ ಅದರಲ್ಲಿ ಇಷ್ಟ ಇದ್ದರೆ ನೋಡಿ. ಇಲ್ಲದಿದ್ದರೆ ಅವರಿಗೆ ಪ್ರೀತಿಯಾದ ಬಣ್ಣವೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಒಂದು ವಿಷಯ ಮಾತ್ರ ಕೇಳಿಯೇ ತಿಳಿದುಕೊಳ್ಳಬೇಕು. ಅಗ್ಗದ ಓಲೆ ಹಾಕಿದಾಗ ಕಿವಿ ಕೆಂಪಾಗಿ ತುರಿಕೆ ಬರುತ್ತದೆಯೇ? ಬರುತ್ತದೆ ಅಂದರೆ ನಿಕ್ಕಲ್ ಅಲರ್ಜಿ ಇರಬಹುದು. ಹಾಗಿದ್ದರೆ ಜರ್ಮನ್ ಸಿಲ್ವರ್ ತಂತಿ ಮುಟ್ಟಬೇಡಿ. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇರುವುದಿಲ್ಲ. ಇರುವುದು ತಾಮ್ರ, ನಿಕ್ಕಲ್, ಸತು.

ಹರಳಿನ ಆಯ್ಕೆ

ಮೊದಲ ಸಲ ಮಾಡುವವರಿಗೆ ಮೇಲ್ಭಾಗ ಉಬ್ಬಿ, ಹಿಂಭಾಗ ಚಪ್ಪಟೆಯಾಗಿರುವ ಹರಳು ಸುಲಭ. ಇದಕ್ಕೆ ಕ್ಯಾಬೊಶಾನ್ ಅಂತ ಹೆಸರು. 18×13, 25×18, 30×22, 40×30 ಮಿ.ಮೀ. ಹೀಗೆ ಗೊತ್ತಾದ ಅಳತೆಗಳಲ್ಲಿ ಸಿಗುತ್ತದೆ. ನಾನು ಹೇಳುವುದು 30×22. ತೀರಾ ಚಿಕ್ಕದಾದರೆ ಬೆರಳಿಗೆ ಸಿಗುವುದಿಲ್ಲ, ತೀರಾ ದೊಡ್ಡದಾದರೆ ಕೊರಳಿಗೆ ಭಾರ. ದಪ್ಪ 5–6 ಮಿ.ಮೀ. ಇರಲಿ. ಅಂಚು ಕಾಗದದಷ್ಟು ತೆಳ್ಳಗಿರುವ ಹರಳನ್ನು ಬಿಡಿ. ಬಿಗಿಯುವಾಗ ಅದು ಚಕ್ಕೆ ಏಳುತ್ತದೆ.

ಗಟ್ಟಿತನಕ್ಕೆ ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಕೊಟ್ಟ 1ರಿಂದ 10ರ ಅಳತೆಯನ್ನೇ ಇವತ್ತಿಗೂ ಬಳಸುತ್ತಾರೆ. 1 ಅಂದರೆ ಟಾಲ್ಕ್, 10 ಅಂದರೆ ವಜ್ರ. ನಮಗೆ ಮುಖ್ಯವಾದ ಸಂಖ್ಯೆ 7. ಅದು ಕ್ವಾರ್ಟ್ಸ್ ಅಂದರೆ ಸ್ಫಟಿಕ. ಮನೆಯ ದೂಳಿನಲ್ಲೂ ಕ್ವಾರ್ಟ್ಸ್ ಪುಡಿ ಇರುತ್ತದೆ. ಹಾಗಾಗಿ ಅದಕ್ಕಿಂತ ಮೆದುವಾದ ಹರಳುಗಳ ಹೊಳಪು, ಸುಮ್ನೆ ದೂಳು ಒರೆಸುತ್ತಾ ಬಂದರೂ ನಿಧಾನವಾಗಿ ಮಂಕಾಗುತ್ತದೆ. ಅಮೆಥಿಸ್ಟ್, ಸಿಟ್ರಿನ್, ರೋಸ್ ಕ್ವಾರ್ಟ್ಸ್ ಎಲ್ಲ ಕ್ವಾರ್ಟ್ಸ್ ಮನೆತನದವೇ. ಅಗೇಟ್, ಜಾಸ್ಪರ್, ಕಾರ್ನೇಲಿಯನ್, ಟೈಗರ್ ಐ ಕೂಡ 6.5–7ರ ಆಸುಪಾಸಿನಲ್ಲಿವೆ. ದಿನಾ ಹಾಕುವ ಒಡವೆಗೆ ಇವು ಸರಿ. ಕೈಗೊಂಚಲಿಗೂ ಇವೇ.

ಲ್ಯಾಪಿಸ್ ಲಜುಲಿ 5–5.5, ಟರ್ಕಾಯ್ಸ್ 5–6. ಆಗಾಗ ಹಾಕುವುದಕ್ಕೆ ಪರವಾಗಿಲ್ಲ. ಮ್ಯಾಲಕೈಟ್ 3.5–4, ಫ್ಲೋರೈಟ್ 4. ಇವುಗಳ ಬಣ್ಣ ಕಣ್ಣು ಸೆಳೆಯುತ್ತದೆ ನಿಜ, ಆದರೆ ಮೊದಲ ಸಲಕ್ಕೆ ಬೇಡ. ಫ್ಲೋರೈಟ್ ಮೆದು ಅಷ್ಟೇ ಅಲ್ಲ, ಪೆಟ್ಟು ಬಿದ್ದರೆ ಪದರದ ಗುಂಟ ಸೀಳುತ್ತದೆ. ಮೂನ್‌ಸ್ಟೋನ್ 6–6.5 ಇದ್ದರೂ ಅದಕ್ಕೂ ಇದೇ ಗುಣ ಇದೆ. ಓಪಲ್ ಒಳಗೆ ನೀರಿನ ಅಂಶ ಇರುತ್ತದೆ, ಒಣಗಿದರೆ ಬಿರುಕು ಬಿಡಬಹುದು. ಇವನ್ನೆಲ್ಲ ಕೈ ಪಳಗಿದ ಮೇಲೆ ನೋಡೋಣ.

ಅಸಲಿಯೋ ಗಾಜೋ ಅಂತ ನೋಡಲು ಎರಡು ಸುಲಭದ ದಾರಿಗಳಿವೆ. ಭೂತಗನ್ನಡಿಯಲ್ಲಿ ನೋಡಿದಾಗ ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ಕೆನ್ನೆಗೆ ಮುಟ್ಟಿಸಿದರೆ ಕ್ವಾರ್ಟ್ಸ್ ಗಾಜಿಗಿಂತ ತಣ್ಣಗೆ ಅನಿಸುತ್ತದೆ, ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದಲ್ಲ, ಅದಕ್ಕೆ. ಓಪಲೈಟ್, ಗೋಲ್ಡ್‌ಸ್ಟೋನ್ ಅಂತ ಮಾರುವುದು ಮನುಷ್ಯ ಮಾಡಿದ ಗಾಜೇ. ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಟರ್ಕಾಯ್ಸ್ ಅನ್ನುವುದೂ ಇದೆ. ಹತ್ತಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಹಾಕಿ ಹರಳಿನ ಹಿಂಭಾಗ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಬೆವರಿಗೂ ಹತ್ತುತ್ತದೆ. ಬಣ್ಣ ಹಾಕಿದ ಅಗೇಟ್ ಕೊಡುವುದರಲ್ಲಿ ತಪ್ಪೇನಿಲ್ಲ, ಬಟ್ಟೆಗೆ ಕಲೆ ಮಾಡದಿದ್ದರೆ ಸಾಕು.

ಮನೆಯದೇ ಹರಳು ಇದ್ದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಅಪ್ಪ ಎಂದೋ ನದಿಯ ದಂಡೆಯಿಂದ ತಂದ ನುಣುಪಾದ ಕಲ್ಲು, ಮುರಿದ ಬ್ರೋಚಿನಿಂದ ಕಳಚಿದ ಅಗೇಟ್. ಇಂಥವನ್ನು ಬೆಳಕಿಗೆ ಹಿಡಿದು ಬಿರುಕು ಇದೆಯೇ ನೋಡಿ. ಇದ್ದರೆ ಆ ಜಾಗದಲ್ಲಿ ಹಿಡಿತ ಬರದ ಹಾಗೆ ಹರಳನ್ನು ತಿರುಗಿಸಿಕೊಳ್ಳಿ. ಆದರೆ ಅಜ್ಜಿಯ ಉಂಗುರದ, ಮುಖಗಳನ್ನು ಕತ್ತರಿಸಿದ, ಕೆಳಗೆ ಮೊನಚಾದ ಪುಟ್ಟ ಹರಳು ಈ ವಿನ್ಯಾಸದಲ್ಲಿ ನಿಲ್ಲುವುದಿಲ್ಲ. ಅದನ್ನು ಅಕ್ಕಸಾಲಿಗರ ಕೈಗೆ ಕೊಡಿ. ಹಾಗೆಯೇ ಕಲ್ಲಿಗೆ ಮನೆಯಲ್ಲೇ ತೂತು ಕೊರೆಯುವ ಸಾಹಸ ಬೇಡ. ಕ್ವಾರ್ಟ್ಸ್ ದೂಳು ಶ್ವಾಸಕೋಶಕ್ಕೆ ಹೋದರೆ ಅಪಾಯ. ತೂತು ಇಲ್ಲದೆಯೇ ಹರಳನ್ನು ಹಿಡಿಯುವುದು ಈ ವಿದ್ಯೆಯ ಅನುಕೂಲ ತಾನೆ?

ತಂತಿ, ಇಕ್ಕಳ

ತಂತಿಯ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣ. 18 ಗೇಜ್ ಅಂದರೆ ಸುಮಾರು 1 ಮಿ.ಮೀ., 20 ಅಂದರೆ 0.8, 22 ಅಂದರೆ 0.64, 24 ಅಂದರೆ 0.5, 26 ಅಂದರೆ 0.4. ನಮಗೆ ಬೇಕಾದದ್ದು ಎರಡೇ. ಚೌಕಟ್ಟಿಗೆ 20 ಗೇಜ್, ಕಟ್ಟುವುದಕ್ಕೆ 24 ಗೇಜ್. ಗೇಜ್ ಎಣಿಕೆಯಲ್ಲಿ ಬೇರೆ ಬೇರೆ ಪದ್ಧತಿಗಳು ಇರುವುದರಿಂದ ಕೊಳ್ಳುವಾಗ ಮಿ.ಮೀ. ನೋಡಿಯೇ ತೆಗೆದುಕೊಳ್ಳಿ.

ಗಡಸುತನವೂ ಮುಖ್ಯ. ಮೆತ್ತನೆಯ ತಂತಿ ಹೇಳಿದ ಹಾಗೆ ಬಾಗುತ್ತದೆ, ಆದರೆ ಹಿಡಿತ ಸಡಿಲ. ಪೂರ್ತಿ ಗಡಸಾದದ್ದು ಬಾಗುವುದೇ ಇಲ್ಲ. ಚೌಕಟ್ಟಿಗೆ ಅರೆಗಡಸು, ಕಟ್ಟುವ ತಂತಿಗೆ ಮೆತ್ತನೆಯದು. ಲೋಹ ಬಗ್ಗಿಸಿದಷ್ಟೂ ಗಡಸಾಗುತ್ತಾ ಹೋಗುತ್ತದೆ. ಒಂದೇ ಜಾಗದಲ್ಲಿ ಆ ಕಡೆ ಈ ಕಡೆ ನಾಲ್ಕಾರು ಸಲ ಬಗ್ಗಿಸಿದರೆ ಪಟ್ಟನೆ ತುಂಡಾಗುತ್ತದೆ. ಹಾಗಾಗಿ ಬಗ್ಗಿಸುವ ಮುಂಚೆ ಯೋಚಿಸಿ, ಒಂದೇ ಸಲಕ್ಕೆ ಬಗ್ಗಿಸಿ.

ಕಲಿಯುವಾಗ ಬರಿಯ ತಾಮ್ರ ಸಾಕು. ಅಗ್ಗ, ಬಣ್ಣ ಬೆಚ್ಚಗೆ, ಕೈಗೆ ಒಗ್ಗುತ್ತದೆ. ಬೆವರು ತಾಗಿದಾಗ ಕೆಲವರ ಚರ್ಮದ ಮೇಲೆ ಹಸಿರು ಗುರುತು ಬೀಳುತ್ತದೆ. ತೊಳೆದರೆ ಹೋಗುತ್ತದೆ, ಅಪಾಯ ಇಲ್ಲ, ಆದರೆ ಉಡುಗೊರೆ ಕೊಡುವಾಗ ಮೊದಲೇ ಹೇಳಿ. ಬೆಳ್ಳಿಯಲ್ಲಿ ಮಾಡುವುದಾದರೆ ನೂರಕ್ಕೆ 92.5 ಪಾಲು ಬೆಳ್ಳಿ ಇರುವ ಸ್ಟರ್ಲಿಂಗ್ ತಂತಿ ಸರಿ. ಮೇಲೆ ತೆಳ್ಳಗೆ ಲೇಪ ಹಾಕಿದ ಬಣ್ಣದ ತಂತಿಗೆ ಇಕ್ಕಳ ತಾಗಿದರೆ ಲೇಪ ಕಿತ್ತು ಒಳಗಿನ ತಾಮ್ರ ಕಾಣುತ್ತದೆ. ಉಡುಗೊರೆಗೆ ನಾನಂತೂ ಅದನ್ನು ಹೇಳುವುದಿಲ್ಲ.

ಇಕ್ಕಳಗಳಲ್ಲಿ ಒಂದು ಉರುಟು ಮೂತಿಯದು, ಸುರುಳಿ ಮಾಡಲು. ಇನ್ನೊಂದು ಚಪ್ಪಟೆ ಚೂಪು ಮೂತಿಯದು, ಹಿಡಿದು ಒತ್ತಲು. ಇದರ ಒಳಮೈ ನುಣುಪಾಗಿರಬೇಕು. ಕರೆಂಟ್ ಕೆಲಸದ ಇಕ್ಕಳದಲ್ಲಿ ಹಲ್ಲು ಇರುತ್ತದೆ, ಅದು ತಂತಿಯ ಮೈತುಂಬ ಗೀರು ಹಾಕುತ್ತದೆ. ಬೇರೆ ಇಲ್ಲದಿದ್ದರೆ ಹಲ್ಲಿನ ಮೇಲೆ ಬಟ್ಟೆಯ ಟೇಪ್ ಸುತ್ತಿ. ಮೂರನೆಯದು ಕಟರ್. ಒಂದು ಮಗ್ಗುಲು ಸಪಾಟಾಗಿ ಕತ್ತರಿಸುವಂಥದ್ದೇ ಬೇಕು. ಸಪಾಟು ಮಗ್ಗುಲು ಯಾವಾಗಲೂ ನಿಮ್ಮ ಒಡವೆಯ ಕಡೆಗಿರಲಿ, ಚೂಪು ತುದಿ ಬಿಸಾಕುವ ತುಂಡಿನ ಕಡೆ ಹೋಗಲಿ. ಇದರ ಜೊತೆಗೆ ಸಣ್ಣ ಅರ, ಸ್ಕೇಲ್, ಮಾರ್ಕರ್ ಪೆನ್, ಕಾಗದದ ಟೇಪ್, 5 ಮಿ.ಮೀ. ದಪ್ಪದ ಹೆಣಿಗೆ ಕಡ್ಡಿ. ಕಣ್ಣಿಗೆ ಕನ್ನಡಕ ಮರೆಯಬೇಡಿ. ಕತ್ತರಿಸಿದ ತಂತಿಯ ಚೂರು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಕತ್ತರಿಸುವಾಗ ಚೂರಿನ ಮೇಲೆ ಬೆರಳು ಅಡ್ಡ ಇಟ್ಟುಕೊಳ್ಳಿ.

ಅಳತೆ ಮತ್ತು ಕಟ್ಟು

ಹರಳಿನ ಅಂಚಿನ ಸುತ್ತ ದಾರ ಸುತ್ತಿ, ಬಿಡಿಸಿ, ಸ್ಕೇಲಿನ ಮೇಲೆ ಇಡಿ. 30×22ರ ಹರಳಿಗೆ ಸುಮಾರು 8.2 ಸೆಂ.ಮೀ. ಬರುತ್ತದೆ. ಅದಕ್ಕೆ 15 ಸೆಂ.ಮೀ. ಕೂಡಿಸಿ. ಅಲ್ಲಿಗೆ 23 ಸೆಂ.ಮೀ. ಉದ್ದದ 20 ಗೇಜ್ ತಂತಿ ಮೂರು. ಕಟ್ಟುವುದಕ್ಕೆ 12 ಸೆಂ.ಮೀ. ಉದ್ದದ 24 ಗೇಜ್ ತಂತಿ ಐದು. ತಂತಿ ಉಳಿದರೆ ಕತ್ತರಿಸಬಹುದು, ಕಮ್ಮಿಯಾದರೆ ಏನೂ ಮಾಡಲಾಗದು. ಎರಡೂ ಬಗೆಯನ್ನು 2–3 ಮೀಟರ್ ಇಟ್ಟುಕೊಂಡರೆ ಮೊದಲು ಒಂದು ಸಾಧಾರಣ ಬೆಣಚುಕಲ್ಲಿನ ಮೇಲೆ ಪೂರ್ತಿ ಮಾಡಿ ನೋಡಬಹುದು. ಹಾಗೆ ಮಾಡಿ ನೋಡಿ ಅಂತಲೇ ನನ್ನ ಸಲಹೆ. ಕೈಗೆ ತಂತಿಯ ಸ್ವಭಾವ ಗೊತ್ತಾಗುವುದು ಮೊದಲ ಪದಕದಲ್ಲಿ. ಕೊಡಬೇಕಾದದ್ದು ಎರಡನೆಯದು.

ಸುರುಳಿಯಿಂದ ಬಂದ ತಂತಿ ಡೊಂಕಾಗಿರುತ್ತದೆ. ಒಂದು ತುದಿ ಹಿಡಿದು, ಮಡಿಸಿದ ಬಟ್ಟೆಯ ನಡುವೆ ಎರಡು ಮೂರು ಸಲ ಎಳೆಯಿರಿ, ನೆಟ್ಟಗಾಗುತ್ತದೆ. ಮೂರನ್ನೂ ಮೇಜಿನ ಮೇಲೆ ಒತ್ತೊತ್ತಾಗಿ ಜೋಡಿಸಿ ಎರಡೂ ತುದಿಗೆ ಟೇಪ್ ಹಾಕಿ. ಈಗ ಅದೊಂದು ಪಟ್ಟಿ. ಒಂದು ತಂತಿ ಇನ್ನೊಂದರ ಮೇಲೆ ಹತ್ತಿರಬಾರದು. ಪಟ್ಟಿಯ ಸರಿ ಮಧ್ಯಕ್ಕೆ, ಅಂದರೆ 11.5 ಸೆಂ.ಮೀ.ಗೆ ಮಾರ್ಕರ್‌ನಿಂದ ಗುರುತು ಮಾಡಿ. ಅಲ್ಲಿಂದ ಎಡಕ್ಕೆ 2 ಸೆಂ.ಮೀ., ಬಲಕ್ಕೆ 2 ಸೆಂ.ಮೀ. ಇನ್ನೆರಡು ಗುರುತು.

ಮಧ್ಯದ ಗುರುತಿನಿಂದ ಶುರುಮಾಡಿ. ಸಣ್ಣ ತಂತಿಯ ತುದಿಯನ್ನು ಇಕ್ಕಳದಲ್ಲಿ ಕೊಕ್ಕೆ ಮಾಡಿ ಪಟ್ಟಿಗೆ ಸಿಕ್ಕಿಸಿ, ಒತ್ತಿ. ಎಡಗೈ ಹೆಬ್ಬೆರಳಿಂದ ಅದನ್ನು ಅದುಮಿ ಹಿಡಿದು ಬಲಗೈಯಿಂದ ಸುತ್ತಿ. ಐದು ಸುತ್ತು ಸಾಕು. ಪ್ರತಿ ಸುತ್ತೂ ಹಿಂದಿನದಕ್ಕೆ ಆತುಕೊಂಡಿರಬೇಕು. ಪ್ರತಿ ಸುತ್ತಿಗೂ ಒಮ್ಮೆ ನಿಂತು, ತಂತಿಯನ್ನು ಬಿಗಿಯಾಗಿ ಎಳೆದು, ಚಪ್ಪಟೆ ಇಕ್ಕಳದಿಂದ ಮೆಲ್ಲಗೆ ಒತ್ತಿ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಒತ್ತಿದರೆ ಬಿಗಿ ಬರುವುದಿಲ್ಲ. ಕಟ್ಟಿನ ಎರಡೂ ತುದಿಗಳು ಹರಳಿನ ಕಡೆ ಬರುವ ಮುಖದಲ್ಲೇ ಕೊನೆಯಾಗಲಿ. ಹೊರಗೆ ಉಳಿದರೆ ಬಟ್ಟೆಯ ದಾರ ಎಳೆಯುತ್ತದೆ. ಒಳಗಿನ ತುದಿಯನ್ನೂ ಅರದಿಂದ ಒಮ್ಮೆ ಉಜ್ಜಿ ಒತ್ತಿಬಿಡಿ, ಹರಳಿಗೆ ಗೀರು ಬೀಳದ ಹಾಗೆ. ಎಡಬಲದ ಗುರುತುಗಳ ಮೇಲೂ ಹೀಗೆಯೇ ಕಟ್ಟು ಹಾಕಿ.

ಹರಳಿಗೆ ಚೌಕಟ್ಟು

ಪಟ್ಟಿಯ ಮಧ್ಯದ ಕಟ್ಟನ್ನು ಹರಳಿನ ಕೆಳತುದಿಗೆ ಇಡಿ. ಪಟ್ಟಿಯ ಅಗಲ ಹರಳಿನ ದಪ್ಪದ ದಿಕ್ಕಿಗೆ ಬರಬೇಕು. ಆಗ ಒಂದು ತಂತಿ ಹಿಂಭಾಗದ ಅಂಚಿಗೆ, ಒಂದು ನಡುವೆ, ಒಂದು ಮುಂಭಾಗಕ್ಕೆ ಬರುತ್ತದೆ. ಎರಡೂ ಹೆಬ್ಬೆರಳುಗಳಿಂದ ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾ ಹರಳಿನ ಮೈಗೆ ಅಂಟಿಸಿಕೊಂಡು ಹೋಗಿ. ಇಲ್ಲಿ ಇಕ್ಕಳ ಬೇಡ, ಬೆರಳೇ ಸಾಕು. ಇಕ್ಕಳ ಹಿಡಿದ ಕಡೆ ಮೂಲೆ ಬೀಳುತ್ತದೆ. ಪಕ್ಕದ ಎರಡು ಕಟ್ಟುಗಳು ಹರಳಿನ ಎಡಬಲದ ಸರಿ ಮಧ್ಯಕ್ಕೆ ಬಂದಿವೆಯೇ ನೋಡಿ.

ಮೇಲೆ ಎರಡೂ ಕಡೆಯ ಪಟ್ಟಿ ಸಂಧಿಸುವ ಜಾಗಕ್ಕೆ ಗುರುತು ಹಾಕಿ, ಚಪ್ಪಟೆ ಇಕ್ಕಳದಲ್ಲಿ ಆ ಗುರುತಿನ ಮೇಲೆ ಹಿಡಿದು ಪಟ್ಟಿಯನ್ನು ನೆಟ್ಟಗೆ ಮೇಲಕ್ಕೆ ಬಗ್ಗಿಸಿ. ಎರಡೂ ಕಡೆ ಬಗ್ಗಿಸಿದಾಗ ಆರು ತಂತಿಗಳು ಅಕ್ಕಪಕ್ಕ ಮೇಲಕ್ಕೆ ನಿಲ್ಲುತ್ತವೆ. ಇದನ್ನು ಪದಕದ ಕತ್ತು ಅನ್ನೋಣ.

ಈಗ ಹರಳನ್ನು ಹೊರಗೆ ತೆಗೆದಿಡಿ. ಮೊದಲು ಹಿಂಭಾಗದ ಕೆಲಸ. ಮೂರು ಕಟ್ಟು ಮತ್ತು ಕತ್ತಿನಿಂದಾಗಿ ಚೌಕಟ್ಟು ನಾಲ್ಕು ಭಾಗವಾಗಿದೆ. ಪ್ರತಿ ಭಾಗದ ನಡುಮಧ್ಯದಲ್ಲಿ ಹಿಂದಿನ ತಂತಿಯನ್ನು ಮಾತ್ರ ಒಳಕ್ಕೆ ಎಳೆಯಬೇಕು. ಇಕ್ಕಳದ ಚೂಪು ತುದಿಯನ್ನು ಹಿಂದಿನ ತಂತಿ ಮತ್ತು ನಡುವಿನ ತಂತಿಯ ಮಧ್ಯೆ ತೂರಿಸಿ. ಹಿಂದಿನ ತಂತಿಯನ್ನು ಹಿಡಿದು, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ತಿರುಗಿಸಿ. ತಂತಿ ಒಂದು ಸಣ್ಣ ಬಾಗು ತೆಗೆದುಕೊಂಡು ಒಳಗೆ ಬರುತ್ತದೆ. 2–3 ಮಿ.ಮೀ. ಬಂದರೆ ಸಾಕು. ನಾಲ್ಕೂ ಕಡೆ ಆದ ಮೇಲೆ ಹರಳನ್ನು ಮುಂದಿನಿಂದ ಇಳಿಸಿ. ಈಗ ಅದಕ್ಕೆ ನಾಲ್ಕು ಕಡೆ ಆಸರೆ ಇದೆ, ಹಿಂದಕ್ಕೆ ಬೀಳುವುದಿಲ್ಲ. ಹರಳು ಅಲುಗಾಡುತ್ತಿದ್ದರೆ ಯಾವ ಬಾಗು ತಗ್ಗಿದೆ ನೋಡಿ ಅದನ್ನು ಸರಿಮಾಡಿ.

ಹರಳು ಒಳಗಿರುವಾಗಲೇ ಕತ್ತಿನ ಕಟ್ಟು ಹಾಕಬೇಕು. ನಾಲ್ಕನೆಯ ಸಣ್ಣ ತಂತಿಯಿಂದ ಆರೂ ತಂತಿಗಳನ್ನು ಸೇರಿಸಿ ಮೊದಲು ಎರಡು ಸುತ್ತು ಸುತ್ತಿ ನಿಲ್ಲಿ. ಚೌಕಟ್ಟು ಹರಳಿಗೆ ಒತ್ತಿಕೊಂಡಿದೆಯೇ, ಮೇಲೆ ಸಂದು ಉಳಿದಿದೆಯೇ ನೋಡಿ. ಸಂದು ಇದ್ದರೆ ಈಗಲೇ ಬಿಚ್ಚಿ ಬಗ್ಗಿಸಿದ ಜಾಗವನ್ನು ಸರಿಮಾಡಿಕೊಳ್ಳಿ. ಆಮೇಲೆ ಆಗುವುದಿಲ್ಲ. ಸರಿಯಾಗಿದ್ದರೆ ಇನ್ನೂ ಮೂರು ಸುತ್ತು ಹಾಕಿ ಬಿಗಿ ಮಾಡಿ, ತುದಿಯನ್ನು ಹಿಂದಕ್ಕೆ ಒತ್ತಿ.

ಇನ್ನು ಮುಂಭಾಗ. ಕ್ರಮ ಅದೇ, ಆದರೆ ಇಲ್ಲಿ ಅವಸರ ಬೇಡ. ಮುಂದಿನ ತಂತಿಯನ್ನು ನಾಲ್ಕು ಭಾಗದಲ್ಲೂ ಒಳಕ್ಕೆ, ಹರಳಿನ ಉಬ್ಬಿನ ಮೇಲಕ್ಕೆ ತರಬೇಕು. ಒಂದೇ ಕಡೆ ಪೂರ್ತಿ ಎಳೆದುಬಿಟ್ಟರೆ ಹರಳು ಎದುರು ದಿಕ್ಕಿಗೆ ಜಾರುತ್ತದೆ. ಮೇಲಿನ ಎಡಕ್ಕೆ ಸ್ವಲ್ಪ, ಕೆಳಗಿನ ಬಲಕ್ಕೆ ಸ್ವಲ್ಪ, ಮತ್ತೆ ಉಳಿದೆರಡು ಕಡೆ, ಹೀಗೆ ಎದುರುಬದುರು ಮಾಡಿಕೊಂಡು ಎರಡು ಮೂರು ಸರದಿಯಲ್ಲಿ ಮುಗಿಸಿ. ಇಕ್ಕಳದ ತುದಿ ಹರಳಿಗೆ ತಾಗಬಾರದು. ಕೊನೆಯಲ್ಲಿ ತಂತಿಯನ್ನು ಹರಳಿಗೆ ಅದುಮಲು ಮರದ ಕಡ್ಡಿಯ ತುದಿ ಬಳಸಿ. ಹರಳಿನ ಮುಖ ಜಾಸ್ತಿ ಮುಚ್ಚಿಹೋಗದ ಹಾಗೆ, ಆದರೆ ನಾಲ್ಕೂ ಕಡೆ ತಂತಿ ಹರಳಿನ ಮೇಲೆ ನಿಜವಾಗಿ ಕೂತಿರುವ ಹಾಗೆ ನೋಡಿಕೊಳ್ಳಿ.

ಇಲ್ಲಿಗೆ ಬಂದಾಗ ಪದಕವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಟಿಕ್ ಟಿಕ್ ಅಂದರೆ ಹಿಡಿತ ಸಾಲದು. ಯಾವ ಕಡೆ ಅಂತ ಬೆರಳಿಂದ ಒತ್ತಿ ನೋಡಿ, ಆ ಬಾಗನ್ನು ಇನ್ನೊಂದಿಷ್ಟು ಎಳೆಯಿರಿ. ಒಂದು ತೊಟ್ಟು ಅಂಟು ಹಾಕಿ ಮುಗಿಸೋಣ ಅನಿಸಬಹುದು. ಹಾಕಬೇಡಿ. ಅಂಟು ಒಂದು ದಿನ ಒಣಗಿ ಬಿಡುತ್ತದೆ, ಆಗ ಹರಳು ಬೀಳುವುದು ನಿಮ್ಮ ಕಣ್ಣೆದುರಲ್ಲ, ಹಾಕಿಕೊಂಡವರು ಎಲ್ಲೋ ಹೊರಗೆ ಹೋದಾಗ.

ಕುಣಿಕೆ

ಕುಣಿಕೆ ಮಾಡುವ ಮುಂಚೆ ಸರವನ್ನು ಕೈಗೆ ತೆಗೆದುಕೊಂಡು ಅದರ ತುದಿಯ ಉಂಗುರ, ಕೊಕ್ಕೆ ಎಷ್ಟು ದಪ್ಪ ಇವೆ ಅಳೆಯಿರಿ. ಸರ ಸಣ್ಣದಿದ್ದರೂ ಅದರ ಕೊಕ್ಕೆ ದಪ್ಪ ಇರುತ್ತದೆ. ಕುಣಿಕೆ ಕಿರಿದಾದರೆ ಸರ ತೂರುವುದೇ ಇಲ್ಲ. ಸಾಧಾರಣ ಸರಕ್ಕೆ 5 ಮಿ.ಮೀ. ಕಡ್ಡಿ ಸಾಕು. ದಾರ ಅಥವಾ ಚರ್ಮದ ಹುರಿಗೆ 6–7 ಮಿ.ಮೀ. ಇರಲಿ.

ಕತ್ತಿನ ಮೇಲೆ ಈಗ ಆರು ತಂತಿಗಳಿವೆ. ಮುಂದೆ ಎರಡು, ನಡುವೆ ಎರಡು, ಹಿಂದೆ ಎರಡು. ಕುಣಿಕೆಗೆ ನಡುವಿನ ಜೋಡಿ. ಅವೆರಡನ್ನೂ ಒಟ್ಟಿಗೆ ಹಿಡಿದು, ಕತ್ತಿನಿಂದ ಸ್ವಲ್ಪ ಮೇಲೆ ಹೆಣಿಗೆ ಕಡ್ಡಿಯನ್ನು ಅಡ್ಡ ಇಟ್ಟು, ಅದರ ಮೇಲಿಂದ ಹಿಂದಕ್ಕೆ ಬಗ್ಗಿಸಿ ಕತ್ತಿನ ಬೆನ್ನಿಗೆ ತನ್ನಿ. ಕಡ್ಡಿ ಒಳಗಿರುವಾಗಲೇ ಉಳಿದ ಸಣ್ಣ ತಂತಿಯಿಂದ ಅದನ್ನು ಕತ್ತಿಗೆ ನಾಲ್ಕು ಸುತ್ತು ಕಟ್ಟಿ. ಹೆಚ್ಚಾದ ತುದಿಯನ್ನು ಸುಮಾರು 3 ಮಿ.ಮೀ. ಬಿಟ್ಟು ಕತ್ತರಿಸಿ, ಮೇಲಕ್ಕೆ ಪುಟ್ಟ ಕೊಕ್ಕೆಯಾಗಿ ಮಡಿಸಿ ಕಟ್ಟಿನ ಮೇಲೆ ಒತ್ತಿ. ಹೀಗೆ ಮಡಿಸಿದರೆ ಎಷ್ಟು ಜಗ್ಗಿದರೂ ತಂತಿ ಜಾರಿ ಹೊರಬರುವುದಿಲ್ಲ. ಪದಕದ ಭಾರವೆಲ್ಲ ಬೀಳುವುದು ಈ ಜಾಗದ ಮೇಲೆ.

ಹಿಂದಿನ ಜೋಡಿಯನ್ನು ಒಂದೊಂದಾಗಿ ಕತ್ತಿನ ಸುತ್ತ ಒಂದೂವರೆ ಸುತ್ತು ತಂದು, ಹಿಂಭಾಗದಲ್ಲಿ ಕತ್ತರಿಸಿ ಒತ್ತಿ. ಸಣ್ಣ ತಂತಿಯ ಕಟ್ಟು ಇದರಡಿ ಅಡಗುತ್ತದೆ, ಕತ್ತು ಗಟ್ಟಿಯೂ ಆಗುತ್ತದೆ. ಮುಂದಿನ ಜೋಡಿ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಉರುಟು ಇಕ್ಕಳದ ತುದಿಯಲ್ಲಿ ತಂತಿಯ ಕೊನೆಯನ್ನು ಹಿಡಿದು ಪುಟ್ಟ ಬಳೆ ಮಾಡಿ. ಆಮೇಲೆ ಆ ಬಳೆಯನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಸುರುಳಿ ಬೆಳೆಯುತ್ತದೆ. ತಂತಿಯ ಚೂಪು ತುದಿ ಸುರುಳಿಯ ಹೊಟ್ಟೆಯಲ್ಲೇ ಉಳಿಯುವುದರಿಂದ ಯಾರಿಗೂ ಚುಚ್ಚುವುದಿಲ್ಲ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹರಳಿನ ಹೆಗಲ ಮೇಲೆ ಮಲಗಿಸಿ. ಬರಿಯ ಅಲಂಕಾರಕ್ಕಲ್ಲ, ಅವು ಹರಳನ್ನು ಮೇಲಿನಿಂದಲೂ ಅದುಮಿ ಹಿಡಿಯುತ್ತವೆ. ಮಗು ಎತ್ತುವ ಅಕ್ಕನಿಗೆ ಮಾಡುತ್ತಿದ್ದರೆ ಸುರುಳಿ ಬಿಡಿ, ಈ ಜೋಡಿಯನ್ನೂ ಕತ್ತಿಗೇ ಸುತ್ತಿಬಿಡಿ.

ಕೊಡುವ ಮುಂಚೆ

ನುಣುಪಾದ ಹಳೆಯ ರೇಷ್ಮೆ ಬಟ್ಟೆಯನ್ನೋ ನೈಲಾನ್ ಕಾಲುಚೀಲವನ್ನೋ ತೆಗೆದುಕೊಂಡು ಪದಕದ ಮೇಲೆ ಎಲ್ಲ ದಿಕ್ಕಿನಲ್ಲೂ ಎಳೆಯಿರಿ. ಬೆರಳಿಗೆ ಗೊತ್ತಾಗದ ಮುಳ್ಳು ಬಟ್ಟೆಗೆ ಗೊತ್ತಾಗುತ್ತದೆ. ಸಿಕ್ಕಿದ ಕಡೆಯೆಲ್ಲ ಅರ ಹಾಕಿ, ಒತ್ತಿ. ಆಮೇಲೆ ಕನ್ನಡಿಯ ಮುಂದೆ ನಿಮ್ಮ ಕೊರಳಿಗೇ ಹಾಕಿಕೊಂಡು ಒಂದು ದಿನ ಮನೆಕೆಲಸ ಮಾಡಿ. ಮುಂದಕ್ಕೆ ವಾಲುತ್ತದೆಯೇ, ಉಲ್ಟಾ ತಿರುಗುತ್ತದೆಯೇ ಗೊತ್ತಾಗುತ್ತದೆ. ಮುಂದಕ್ಕೆ ವಾಲಿದರೆ ಕುಣಿಕೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಬಗ್ಗಿಸಿ.

ಮಾರ್ಕರ್ ಗುರುತನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಹರಳು ಟರ್ಕಾಯ್ಸ್ ಅಥವಾ ಮುತ್ತಾದರೆ ಅದಕ್ಕೆ ತಾಗಿಸಬೇಡಿ. ತಾಮ್ರ ಹೊಳೆಯಬೇಕು ಅಂದರೆ ಒಣ ಮೆತ್ತನೆ ಬಟ್ಟೆಯಿಂದ ಉಜ್ಜಿ. ಹಳೆಯ ಕಾಲದ ಕಪ್ಪು ಛಾಯೆ ಬೇಕಿದ್ದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಪುಡಿಮಾಡಿ, ಮುಚ್ಚಳದ ಡಬ್ಬಿಯಲ್ಲಿ ಪದಕದ ಜೊತೆ ಇಡಿ. ಒಂದಕ್ಕೊಂದು ತಾಗುವುದು ಬೇಡ. ಮೊಟ್ಟೆಯಿಂದ ಬರುವ ಗಂಧಕದ ಆವಿ ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ಆಗಾಗ ತೆರೆದು ನೋಡಿ, ಬೇಕಾದಷ್ಟು ಕಪ್ಪಾದಾಗ ತೆಗೆದು ತೊಳೆಯಿರಿ. ಉಬ್ಬಿದ ಜಾಗವನ್ನು 0000 ನಂಬರಿನ ಉಕ್ಕಿನ ನಾರಿನಿಂದ ಮೆಲ್ಲಗೆ ತಿಕ್ಕಿದರೆ ಸಂದಿಯಲ್ಲಿ ಕಪ್ಪು ಉಳಿದು ಸುತ್ತುಗಳ ಸಾಲು ಎದ್ದು ಕಾಣುತ್ತದೆ. ಇದು ಕ್ವಾರ್ಟ್ಸ್ ಜಾತಿಯ ಹರಳಿಗೆ ಮಾತ್ರ. ಮುತ್ತು, ಓಪಲ್, ಟರ್ಕಾಯ್ಸ್ ಇರುವ ಒಡವೆಗೆ ಮಾಡಬೇಡಿ.

ಉಡುಗೊರೆಯ ಜೊತೆ ಒಂದು ಚೀಟಿಯಲ್ಲಿ ಹರಳಿನ ಹೆಸರು, ಲೋಹದ ಹೆಸರು, ಜೋಪಾನದ ನಾಲ್ಕು ಮಾತು ಬರೆದಿಡಿ. ಸ್ನಾನಕ್ಕೆ, ಈಜಿಗೆ ತೆಗೆದಿಡಬೇಕು. ಸೆಂಟು ಹಾಕಿಕೊಂಡ ಮೇಲೆ ಪದಕ, ಪದಕ ಹಾಕಿಕೊಂಡ ಮೇಲೆ ಸೆಂಟಲ್ಲ. ತಾಮ್ರ ಮಂಕಾದಾಗ ನಿಂಬೆಹಣ್ಣು, ಉಪ್ಪು ಹಚ್ಚುವವರಿದ್ದಾರೆ. ಹರಳು ಮ್ಯಾಲಕೈಟ್, ಹವಳ, ಮುತ್ತಾದರೆ ಹುಳಿ ಅದರ ಮೈಯನ್ನೇ ತಿನ್ನುತ್ತದೆ, ಬಟ್ಟೆಯೇ ಸಾಕು. ಅಮೆಥಿಸ್ಟನ್ನು ಕಿಟಕಿಯ ಬಿಸಿಲಲ್ಲಿ ಬಹಳ ದಿನ ಇಟ್ಟರೆ ಬಣ್ಣ ಮಾಸುತ್ತದೆ. ಬೆಳ್ಳಿಯ ಪದಕವನ್ನು ಗಾಳಿಯಾಡದ ಸಣ್ಣ ಜಿಪ್ ಚೀಲದಲ್ಲಿ ಇಡಬೇಕು. ಅದರ ಜೊತೆ ರಬ್ಬರ್ ಬ್ಯಾಂಡ್ ಇಡಬಾರದು, ರಬ್ಬರಿನಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.

ಕೆಲವು ತಿಂಗಳು ಹಾಕಿಕೊಂಡ ಮೇಲೆ ಒಮ್ಮೆ ಪದಕವನ್ನು ವಾಪಸ್ ಕೇಳಿ ಪಡೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಮುಂದಿನ ನಾಲ್ಕು ಬಾಗುಗಳಲ್ಲಿ ಸಡಿಲವಾದದ್ದನ್ನು ಮರದ ಕಡ್ಡಿಯಿಂದ ಒತ್ತಿ, ಕುಣಿಕೆಯ ಹಿಂದಿನ ಕೊಕ್ಕೆ ಬಿಚ್ಚಿಕೊಂಡಿದ್ದರೆ ಮತ್ತೆ ಮಡಿಸಿ ಕೊಡಿ.